ಮೊವರಿನ ಹೊಟ್ಟೆಗಂಟಿದ ಹುಲ್ಲು

"ಇನ್ನು ಈ ಮೆಷಿನ್ನಿನ ಹೊಟ್ಟೆಗೆ ಒಂದೇ ಒಂದು ಎಸಳು ಹುಲ್ಲು ಅಂಟಿದ್ರೂ, ಆನು ಕೆಮಿಸ್ಟ್ರಿ ಕಲಿಸ್ದವನೇ ಅಲ್ಲ ಹೇಳಿ ತಿಳ್ಕ!"

ಇಸಳೂರಿನ ವೆಂಕಟ್ರಮಣ ಮೇಷ್ಟ್ರು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದ್ದು ದೀಪಾವಳಿ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಮನೆಯ ಮುಂದಿನ ಲಾನಿನಲ್ಲಿ ಅಂಗಾತ ಮಲಗಿಕೊಂಡು. ಭೀಷ್ಮನೇನೋ ನಿಂತುಕೊಂಡೇ ಪ್ರತಿಜ್ಞೆ ಮಾಡಿದ್ದಿರಬೇಕು. ಮೇಷ್ಟ್ರಿಗೆ ಎದ್ದು ನಿಲ್ಲುವಷ್ಟು ಪುರಸೊತ್ತಿರಲಿಲ್ಲ. ಹುಲ್ಲು ಕತ್ತರಿಸುವ ಮೊವರನ್ನು ಒಂದು ಮಗ್ಗುಲಿಗೆ ಎತ್ತಿ, ಕಲ್ಲು ಕೊಟ್ಟು ನಿಲ್ಲಿಸಿ, ಅದರ ಅಡಿಗೆ ತಲೆ ತೂರಿಸಿ, ಹಳೆಯ ದೋಸೆ ಸಟ್ಟುಗದಲ್ಲಿ ಕೆರೆಯುತ್ತಿದ್ದರು. ಆಗಷ್ಟೇ ಒಂದು ಹಸಿರು ಮುದ್ದೆ ಕಳಚಿ ಅವರ ಕನ್ನಡಕದ ಮೇಲೆ ಬಿದ್ದಿತ್ತು. ಪ್ರತಿಜ್ಞೆಗೆ ಸಾಕ್ಷಿಯಾಗಿ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಗಕ್ಕ ಆ ಸಟ್ಟುಗ ತನ್ನದೇ ಹೌದೋ ಅಲ್ಲವೋ ಎಂದಷ್ಟೇ ನೋಡಿ ಒಳಗೆ ಹೋದಳು.

ಮೇಷ್ಟ್ರ ಬಗ್ಗೆ ಒಂದು ಮಾತು ಹೇಳಲೇಬೇಕು. ಶಿರಸಿಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಇವರಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಇರುವುದು ಕುತೂಹಲ. ಅದಕ್ಕೆ ಯಾವ ಡಾಕ್ಟರ ಬಳಿಯೂ ಮದ್ದಿಲ್ಲ. ಕುಕ್ಕರು ಯಾಕೆ ಸೀಟಿ ಹಾಕುತ್ತದೆ ಎಂದು ನೋಡಲು ಹೋಗಿ ತೊಗರಿಬೇಳೆಯನ್ನು ಅಡುಗೆಮನೆಯ ಸೂರಿಗೆ ಬಳಿದ ಇತಿಹಾಸ ಅವರಿಗಿದೆ. ಗೋಡೆ ಗಡಿಯಾರ ಹಿಂದೆ ಬೀಳುವುದೇಕೆ ಎಂದು ಬಿಚ್ಚಿದ್ದರು. ಈಗ ಅದು ಹಿಂದೆ ಬೀಳುವುದಿಲ್ಲ, ನಿಂತೇ ಇದೆ. ಒಂದು ವಸ್ತು ಯಾಕೆ ಹಾಗಾಯಿತು ಎಂದು ತಿಳಿಯಲು ಹೊರಟರೆ, ಆ ವಸ್ತುವೇ ಹಾಳಾದರೂ ಅವರಿಗೆ ಚಿಂತೆಯಿಲ್ಲ. ಕಾರಣ ಸಿಕ್ಕರೆ ಸಾಕು.

ಇಂಥವರು ಇಸಳೂರಿನಲ್ಲಿ ಹೊಸ ಮನೆ ಕಟ್ಟಿಸಿದರು. ಮನೆ ಮುಗಿಯಿತು, ಮುಂದೆ ಒಂದಿಷ್ಟು ಜಾಗ ಉಳಿಯಿತು, ಆ ಜಾಗಕ್ಕೆ ಜಗಳ ಹುಟ್ಟಿತು. ಮೇಷ್ಟ್ರಿಗೆ ಅಲ್ಲಿ ಹಸಿರು ಲಾನು ಬೇಕು. ಸಂಜೆ ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಚಾ ಕುಡಿಯಬೇಕು. ಗಂಗಕ್ಕನಿಗೆ ಅದೇ ಜಾಗದಲ್ಲಿ ಹುಳಿಗೆ ಹಾಕುವ ಮೊಗೆಕಾಯಿಯ ಬಳ್ಳಿ ಹಬ್ಬಬೇಕು, ಪಕ್ಕದಲ್ಲಿ ಹರಿವೆ, ಅಂಚಿಗೆ ಬದನೆ. ತಿನ್ನಲು ಬಾರದ ಹುಲ್ಲಿಗೆ ನೀರು ಹೊಯ್ಯುವ ಜನರನ್ನು ತನ್ನ ತವರು ಕಾನಸೂರಿನಲ್ಲಿ ಕಂಡೇ ಇಲ್ಲ ಎಂದು ಅವಳು ಹೇಳಿದಳು. ಕಾನಸೂರಿನಲ್ಲಿ ಕಾಣದ್ದೆಲ್ಲ ಲೋಕದಲ್ಲೇ ಇಲ್ಲವೆಂದಲ್ಲ ಎಂದು ಇವರು ಹೇಳಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಮಾತ್ರ ಮರುದಿನ ದೋಸೆಯ ಜೊತೆಗೆ ಮತ್ತೆ ಬಡಿಸಿಕೊಳ್ಳುತ್ತಿತ್ತು.

ಕಡೆಗೆ ರಾಜಿ ಮಾಡಿಸಿದವರು ಪಕ್ಕದ ಮನೆಯ ಪಾರ್ವತವ್ವ. ಮೂಲತಃ ದಾಸನಕೊಪ್ಪದವರು, ಮಗ ಸುಭಾಷನ ಹೊಸ ಮನೆಗೆ ಬಂದು ನೆಲೆಸಿದವರು. ಯಾರ ಮನೆಯ ವ್ಯಾಜ್ಯವಾದರೂ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು ತೀರ್ಪು ಕೊಡುವ ಶಕ್ತಿ ಅವರಿಗಿತ್ತು. ಸಂಕ್ರಾಂತಿಯವರೆಗೆ ಮಾಸ್ತರು ಲಾನನ್ನು ತಾವೇ ನೋಡಿಕೊಳ್ಳಲಿ, ಆಳು ಕರೆಯಬಾರದು. ಸಂಕ್ರಾಂತಿಗೆ ಅದು ಚೆಂದ ಇದ್ದರೆ ಜಾಗ ಅವರದು, ಇಲ್ಲದಿದ್ದರೆ ಗಂಗವ್ವಂದು ಎಂದು ಅಪ್ಪಣೆಯಾಯಿತು.

ಗಂಗಕ್ಕ ತೀರ್ಪನ್ನು ಇನ್ನೊಮ್ಮೆ ಬಿಡಿಸಿ ಹೇಳಿದಳು. "ಆತು. ಹುಲ್ಲು ಹುಲ್ಲಿನ ಹಾಂಗೆ ಕಾಣುವಷ್ಟು ದಿನ ನಿಂಗಳದ್ದು. ಕಾಣದೇ ಇದ್ದ ದಿನ ಆನು ಮೊಗೆ ಬೀಜ ಹಾಕ್ತೆ."

ಮೇಷ್ಟ್ರು ಹುಲ್ಲು ನೆಟ್ಟು ಬೆಳೆಸಿ, ಹುಬ್ಬಳ್ಳಿಗೆ ಹೋಗಿ ಮೊವರು ತಂದೇಬಿಟ್ಟರು. ಕೆಂಪು ಬಣ್ಣ, ನಾಲ್ಕು ಚಕ್ರ, ಹಿಂದಿನಿಂದ ತಳ್ಳಲು ಹಿಡಿಕೆ, ಮೇಲೆ ಪೆಟ್ರೋಲು ಎಂಜಿನ್ನು. ಕೆಳಗೆ ಬ್ಲೇಡು ತಿರುಗುವ ಕಡೆ ಬೋರಲು ಹಾಕಿದ ದೊಡ್ಡ ಬೋಗುಣಿಯಂಥ ಒಂದು ಕಬ್ಬಿಣದ ತಗಡು. ಇದಕ್ಕೆ ಕಂಪನಿಯವರು ಡೆಕ್ ಎನ್ನುತ್ತಾರೆ. ಬ್ಲೇಡು ಹುಲ್ಲನ್ನು ಕತ್ತರಿಸಿ ಮೇಲಕ್ಕೆಸೆಯುತ್ತದೆ, ಹುಲ್ಲು ಡೆಕ್ಕಿನೊಳಗೆ ಒಂದು ಸುತ್ತು ಹೊಡೆದು ಪಕ್ಕದ ಬಾಯಿಯಿಂದ ಹೊರಗೆ ಹಾರುತ್ತದೆ. ಹಾಗೆಂದು ಅದರ ಜೊತೆಗೆ ಬಂದ ಪುಸ್ತಕದಲ್ಲಿತ್ತು. ಇಸಳೂರಿನ ಹುಲ್ಲು ಆ ಪುಸ್ತಕ ಓದಿರಲಿಲ್ಲ. ಅದು ಹಾರಿ ಹೋಗಿ ಡೆಕ್ಕಿಗೆ ಅಂಟಿಕೊಂಡಿತು. ಅದರ ಮೇಲೆ ಇನ್ನಷ್ಟು, ಅದರ ಮೇಲೆ ಮತ್ತಷ್ಟು. ಬ್ಲೇಡಿಗೆ ತಿರುಗಲು ಜಾಗವಿಲ್ಲದೆ ಎಂಜಿನ್ನು ಕೆಮ್ಮಿತು, ನರಳಿತು, ನಿಂತಿತು. ನಿಲ್ಲುವ ಮೊದಲು ಅಲ್ಲಲ್ಲಿ ದೊಡ್ಡ ದೊಡ್ಡ ಹಸಿರು ಮುದ್ದೆಗಳನ್ನು ಉದುರಿಸಿತು.

ಪಾರ್ವತವ್ವ ಕಾಂಪೌಂಡಿನ ಮೇಲಿಂದ ಇಣುಕಿ ಬಹಳ ಕಳಕಳಿಯಿಂದ ಕೇಳಿದರು. "ಮಾಸ್ತರ, ಗೇಟ್ ಹಾಕ್ಕೊಳ್ಳೋದಲ್ಲೇನ್ರಿ? ಯಾರ್ದೋ ಎಮ್ಮಿ ಒಳಗ ಬಂದು ಹೋದಂಗ ಐತಿ."

ಆ ಎಮ್ಮೆಯ ಮಾತೇ ಮೇಷ್ಟ್ರ ಪ್ರತಿಜ್ಞೆಗೆ ಮೂಲ.

ಮುದ್ದೆಯಾಗುವುದು ಇಬ್ಬನಿಯಿಂದ ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಪುಸ್ತಕದ ಎರಡನೆಯ ಪುಟದಲ್ಲೇ ಒಣ ಹುಲ್ಲನ್ನು ಮಾತ್ರ ಕತ್ತರಿಸಿ ಎಂದು ಬರೆದಿತ್ತು. ಬಿಸಿಲು ಬಂದ ಮೇಲೆ ಮಾಡಬಾರದೇ ಎಂದು ಗಂಗಕ್ಕ ಒಂದು ಸಲ ಕೇಳಿಯೂ ಕೇಳಿದಳು. ಬಿಸಿಲು ಬರುವ ಹೊತ್ತಿಗೆ ಕಾಲೇಜಿಗೆ ಬೈಕು ಹೊರಡಬೇಕು ಎಂಬುದು ಒಂದು ಕಾರಣ. ನಿಜವಾದ ಕಾರಣ ಬೇರೆ. ಒಣ ಹುಲ್ಲು ಅಂಟುವುದಿಲ್ಲ ಎಂದು ಒಣ ಹುಲ್ಲನ್ನೇ ಕತ್ತರಿಸಿದರೆ ಅದು ಪ್ರಶ್ನೆಯನ್ನು ಬಿಟ್ಟು ಓಡಿಹೋದಂತೆ. ಹಸಿ ಹುಲ್ಲೂ ಅಂಟಬಾರದು, ಅದಲ್ಲವೇ ಗಂಡಸುತನ! ಮೇಷ್ಟ್ರ ತಲೆಯಲ್ಲಿ ಲಾನು ಹಿಂದೆ ಸರಿದು ಡೆಕ್ಕು ಮುಂದೆ ಬಂದದ್ದು ಆ ಗಳಿಗೆಯಲ್ಲೇ. ಅದು ಅವರಿಗೆ ಗೊತ್ತಾಗಲಿಲ್ಲ, ಗಂಗಕ್ಕನಿಗೆ ಗೊತ್ತಾಯಿತು. ಅವಳು ಸುಮ್ಮನೆ ಸಟ್ಟುಗ ತೊಳೆದಿಟ್ಟಳು.

ಮೊದಲ ಪ್ರಯೋಗ ತೆಂಗಿನೆಣ್ಣೆ. ಹಲಸಿನಕಾಯಿ ಕೊಯ್ಯುವಾಗ ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಹಲಸಿನ ಮೇಣವನ್ನೇ ಸೋಲಿಸಿದ ಎಣ್ಣೆಗೆ ಹುಲ್ಲು ಯಾವ ಲೆಕ್ಕ? ಸಂಜೆ ಡೆಕ್ಕಿಗೆ ಧಾರಾಳವಾಗಿ ಎಣ್ಣೆ ಬಳಿದು ಮಲಗಿದರು. ಆದರೆ ಚಳಿ ಆಗಲೇ ಶುರುವಾಗಿತ್ತು. ಬೆಳಗಾಗುವಷ್ಟರಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಮೊವರು ನಾಲ್ಕು ಹೆಜ್ಜೆ ಹೋಗುವುದರೊಳಗೆ ಹುಲ್ಲೆಲ್ಲ ಅದರಲ್ಲಿ ಹೂತುಕೊಂಡು ಕಂಬಳಿಯಾಯಿತು. ಹಲಸಿನ ಹಣ್ಣಿನ ಕಾಲ ಬೇಸಿಗೆ ಎಂಬುದನ್ನು ಮೇಷ್ಟ್ರು ಮರೆತಿದ್ದರು. ಆ ಸಲ ಸಟ್ಟುಗ ಮುರಿಯಿತು.

ಎರಡನೆಯದು ಬೈಕಿನ ಎಂಜಿನ್ ಆಯಿಲ್. ಅದು ಚಳಿಗೆ ಗಟ್ಟಿಯಾಗಲಿಲ್ಲ, ನಿಜ. ಆದರೆ ಅದು ಡೆಕ್ಕಿನಲ್ಲೂ ನಿಲ್ಲಲಿಲ್ಲ. ಬ್ಲೇಡು ತಿರುಗಿದ ಕೂಡಲೇ ಲಾನಿನ ಮೇಲೆಲ್ಲ ಕರಿ ಹನಿಗಳನ್ನು ಪ್ರೋಕ್ಷಣೆ ಮಾಡಿತು. ಕೆಲವೇ ದಿನದಲ್ಲಿ ಆ ಹನಿ ಬಿದ್ದಲ್ಲೆಲ್ಲ ಹುಲ್ಲು ಹಳದಿಗೆ ತಿರುಗಿತು. ಗಂಗಕ್ಕ ಅದನ್ನು ನೋಡಿದಳು. ಮೇಷ್ಟ್ರು ನೋಡಲಿಲ್ಲ. ಅವರು ಡೆಕ್ಕಿನಡಿ ಬ್ಯಾಟರಿ ಬಿಟ್ಟುಕೊಂಡು ಮಲಗಿದ್ದರು.

ಆಮೇಲೆ ಕಾರಿಗೆ ಹಚ್ಚುವ ಪಾಲಿಶು, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ, ಮೇಣದ ಬತ್ತಿ, ಮತ್ತೆ ಎಲ್ಲಿ ಓದಿದರೋ ಏನೋ, ಪೆನ್ಸಿಲಿನ ಸೀಸದ ಪುಡಿ. ಒಂದೊಂದೂ ಒಂದಷ್ಟು ಹೊತ್ತು ಆಸೆ ತೋರಿಸಿ ಕೈಕೊಟ್ಟಿತು. ಕಡೆಗೆ ಮೇಷ್ಟ್ರ ಕಣ್ಣು ಮುರುಗಲ ತುಪ್ಪದ ಮೇಲೆ ಬಿತ್ತು. ಮುರುಗಲ ಹಣ್ಣಿನ ಬೀಜದಿಂದ ತೆಗೆದು ಉಂಡೆ ಕಟ್ಟಿದ ತುಪ್ಪ, ಚಳಿಗಾಲಕ್ಕೆ ಹಿಮ್ಮಡಿ ಒಡೆದರೆ ಹಚ್ಚಲೆಂದು ಗಂಗಕ್ಕ ತವರಿನಿಂದ ತಂದು ಜೋಪಾನವಾಗಿ ಇಟ್ಟುಕೊಂಡಿದ್ದು. ಅರ್ಧ ಉಂಡೆ ಕೊಟ್ಟರೆ ಸಾಕೆಂದು ಮೇಷ್ಟ್ರು ಹೆದರುತ್ತಲೇ ಕೇಳಿದರು. ಗಂಗಕ್ಕ ಇಡೀ ಉಂಡೆಯನ್ನೇ ಕೈಗಿಟ್ಟಳು. ಬೇಕಾದರೆ ಇನ್ನೂ ತರಿಸಿಕೊಡುತ್ತೇನೆ ಎಂದೂ ಹೇಳಿದಳು. ಇಷ್ಟು ವರ್ಷದ ಸಂಸಾರದಲ್ಲಿ ವಿಜ್ಞಾನಕ್ಕೆ ಸಿಕ್ಕ ಮೊದಲ ಬೆಂಬಲ ಅದು.

ಬೆಂಬಲ ಅಷ್ಟಕ್ಕೇ ನಿಲ್ಲಲಿಲ್ಲ. ಕತ್ತರಿಸಿ ಬಿದ್ದ ಹುಲ್ಲನ್ನೆಲ್ಲ ಗಂಗಕ್ಕ ತಾನೇ ಬುಟ್ಟಿಯಲ್ಲಿ ತುಂಬಿ ಹಿತ್ತಿಲಿನ ಗೊಬ್ಬರದ ಗುಂಡಿಗೆ ಹಾಕಿ ಬರುತ್ತಿದ್ದಳು. ಮೆಷಿನ್ನು ಮಗುಚುವ ಮೊದಲು, ಅದು ತಾನಾಗಿ ಶುರುವಾಗದಂತೆ, ಎಂಜಿನ್ನಿನ ಪ್ಲಗ್ಗಿನ ವಾಯರು ಕಿತ್ತಿಟ್ಟಿದ್ದೀರೋ ಇಲ್ಲವೋ ಎಂದು ದಿನಾ ವಿಚಾರಿಸುತ್ತಿದ್ದಳು. ಮೇಷ್ಟ್ರು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೆಂಡತಿಯೆಂದರೆ ಹೀಗಿರಬೇಕು ಎಂದು ಎಲ್ಲರಿಗೂ ಹೇಳಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಯೋಗವೆಂದರೆ ಪರೀಕ್ಷೆ ಬೇಕು, ಪರೀಕ್ಷೆಗೆ ಹುಲ್ಲು ಬೇಕು. ನಿನ್ನೆ ಕತ್ತರಿಸಿದ ಹುಲ್ಲು ಇವತ್ತಿಗೆ ಬೆಳೆದಿರುವುದಿಲ್ಲ. ಅದಕ್ಕೆ ಮೇಷ್ಟ್ರು ಒಂದು ಉಪಾಯ ಹುಡುಕಿದರು. ಮೊವರಿನ ಚಕ್ರದ ಬಳಿ ಬ್ಲೇಡನ್ನು ಏರಿಸುವ ಇಳಿಸುವ ಒಂದು ಲಿವರು ಇತ್ತು. ಪ್ರತಿ ಪರೀಕ್ಷೆಗೂ ಅದನ್ನು ಒಂದು ಮೆಟ್ಟಿಲು ಕೆಳಗಿಳಿಸಿದರು. ಹುಲ್ಲು ಸಾಕಷ್ಟು ಒದ್ದೆಯಾಗಿರಲೆಂದು ಹಿಂದಿನ ಸಂಜೆಯೇ ಪೈಪು ಹಿಡಿದು ನೀರು ಬಿಟ್ಟರು. ಕತ್ತರಿಸಿದ ಕೂಡಲೇ ಮೊವರನ್ನು ಎತ್ತಿ ಅಡಿಗೆ ನುಗ್ಗಿದರು. ನೆಲವನ್ನು ನೋಡುವ ಪ್ರಸಂಗವೇ ಅವರಿಗೆ ಬರಲಿಲ್ಲ. ಸೂರಿನ ಸೋರಿಕೆ ಹುಡುಕುವವನು ಚಾಪೆ ನೋಡುತ್ತಾನೆಯೇ?

ಮುರುಗಲ ತುಪ್ಪ ಹೆಚ್ಚು ಕಡಿಮೆ ಗೆದ್ದಿತು. ಒಂದಷ್ಟು ದೂರ ಹುಲ್ಲು ಅಂಟಲಿಲ್ಲ, ಆಮೇಲೆ ಅಂಟಿತು. ಯಾಕೆ? ಈ ಯಾಕೆ ಎಂಬುದು ಮೇಷ್ಟ್ರ ನಿದ್ದೆ ಕೆಡಿಸಿತು. ಊಟಕ್ಕೆ ಕೂತರೆ ಬಾಳೆಯೆಲೆಗೆ ಅನ್ನ ಅಂಟುವುದಿಲ್ಲವೇಕೆ ಎಂದು ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಕೆಸುವಿನ ಎಲೆಯ ಮೇಲೆ ನೀರು ಹನಿಸಿ ನೋಡುತ್ತ ಅರ್ಧ ಗಂಟೆ ನಿಂತರು. ಅಂಥ ಹೊತ್ತಿನಲ್ಲಿ ಆಲೆಮನೆಯಿಂದ ಕಬ್ಬಿನ ಹಾಲು ಬಂತು, ಗಂಗಕ್ಕ ತೊಡದೇವೆಂಬ ಸಿಹಿತಿಂಡಿ ಮಾಡಲು ಕೂತಳು.

ತೊಡದೇವು ಮಾಡುವುದನ್ನು ಮೇಷ್ಟ್ರು ಸಾವಿರ ಸಲ ಕಂಡಿದ್ದರು, ನೋಡಿರಲಿಲ್ಲ. ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕಿದೆ. ಗಂಗಕ್ಕ ಕಬ್ಬಿನ ಹಾಲಿನಲ್ಲಿ ಕಲಸಿದ ನೀರು ಹಿಟ್ಟಿಗೆ ಬಟ್ಟೆಯ ತುಂಡನ್ನು ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದು ಸಲ ಎಳೆಯುತ್ತಾಳೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಾಗದದಂಥ ಹಾಳೆ. ಅಂಚು ಹಿಡಿದು ಎತ್ತುತ್ತಾಳೆ, ಒಂದು ಚೂರೂ ಹರಿಯದೆ ಎದ್ದು ಬರುತ್ತದೆ. ಬೆಲ್ಲದ ಅಂಶವಿರುವ ಹಿಟ್ಟು, ಕಾದ ಮಣ್ಣು, ಆದರೂ ಅಂಟುವುದಿಲ್ಲ! ಮೇಷ್ಟ್ರು ಮಣೆ ಎಳೆದುಕೊಂಡು ಕೂತರು. ಮಡಕೆ ಬೋರಲು, ಡೆಕ್ಕೂ ಬೋರಲು. ತಮ್ಮ ಮನೆಯ ಒಲೆಯ ಮೇಲೇ ಉತ್ತರ ಇಟ್ಟುಕೊಂಡು ಹುಬ್ಬಳ್ಳಿಯ ಸ್ಪ್ರೇ ಹುಡುಕಿದೆನಲ್ಲ ಎಂದು ಹಣೆ ಚಚ್ಚಿಕೊಂಡರು. ಈ ಮಡಕೆಗೆ ಏನು ಹಚ್ಚಿದ್ದೀಯೆ ಎಂದು ಕೇಳಿದರು.

"ಎಂತದೂ ಹಚ್ಚಿದ್ದಿಲ್ಲೆ, ಪಳಗ್ಸಿದ್ದು," ಅಂದಳು ಗಂಗಕ್ಕ, ಕೈ ನಿಲ್ಲಿಸದೆ. "ಅದಕ್ಕೆ ಬೆಂಕಿ ಬೇಕು, ಎಣ್ಣೆ ಬೇಕು, ಮತ್ತೆ ತಾಳ್ಮೆ ಬೇಕು. ಸೋಪು ಮಾತ್ರ ತಾಗ್ಸಲಾಗ."

ಮೇಷ್ಟ್ರು ಬೆಂಕಿ ಮತ್ತು ಎಣ್ಣೆ ಎಂಬಲ್ಲಿಗೆ ಎದ್ದಾಗಿತ್ತು.

ಸುಭಾಷನಿಂದ ಬೋಲ್ಟು ಬಿಚ್ಚುವ ಪಾನಾ ತಂದರು. ಎಂಜಿನ್ನನ್ನು ಪೆಟ್ರೋಲ್ ಟ್ಯಾಂಕಿನ ಸಮೇತ ಕಳಚಿ ದೂರ ಜಗುಲಿಯ ಮೇಲಿಟ್ಟರು, ಬ್ಲೇಡು ಬಿಚ್ಚಿದರು. ಬರಿಯ ಡೆಕ್ಕನ್ನು ಹಿತ್ತಿಲಿನಲ್ಲಿ ಮೂರು ಕಲ್ಲಿನ ಮೇಲೆ ಕೂರಿಸಿ ಕೆಳಗೆ ಒಣ ತೆಂಗಿನ ಕೊತ್ತಳಿಗೆಯ ಉರಿ ಹಾಕಿದರು. ಮೊದಲು ಕೆಂಪು ಬಣ್ಣ ಗುಳ್ಳೆಯೆದ್ದಿತು. ಆಮೇಲೆ ಸುಟ್ಟಿತು. ಆ ವಾಸನೆಗೆ ಇಸಳೂರಿನ ನಾಯಿಗಳೆಲ್ಲ ಒಮ್ಮೆ ಊಳಿಟ್ಟು ಆಚೆ ಹೋದವು. ಪಾರ್ವತವ್ವ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಬಂದು, ಏನು ಹುರಿಯುತ್ತಿದ್ದೀರಿ ಎಂದು ಕೇಳಿದರು. ಡೆಕ್ಕು ಪಳಗಿಸುತ್ತಿದ್ದೇನೆ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಮಾಸ್ತರಿಗೆ ಯಾರೋ ಮಾಟ ಮಾಡಿಸಿದ್ದಾರೆ, ಬನವಾಸಿ ಕಡೆ ಒಬ್ಬರು ಒಳ್ಳೆಯವರಿದ್ದಾರೆ ಎಂದು ಗಂಗಕ್ಕನ ಕಿವಿಯಲ್ಲಿ ಹೇಳಿ ಹೋದರು.

ಮೇಷ್ಟ್ರು ಬಿಡಲಿಲ್ಲ. ಬಣ್ಣವೆಲ್ಲ ಸುಟ್ಟು ಕೆರೆದು ಹೋದ ಮೇಲೆ ಎಣ್ಣೆ ಸವರಿದರು, ಕಾಯಿಸಿದರು, ಒರೆಸಿದರು, ಮತ್ತೆ ಸವರಿದರು. ಕಾಲೇಜಿನಿಂದ ಬಂದ ಮೇಲೆ ದಿನಾ ಅದೇ ಸೇವೆ. ನಿಧಾನಕ್ಕೆ ತಗಡು ಕಂದಾಯಿತು, ಕಪ್ಪಾಯಿತು. ಕಡೆಗೊಂದು ದಿನ ಅಜ್ಜಿಯ ಕಾಲದ ದೋಸೆ ಕಾವಲಿಯ ಹಾಗೆ ಮಿರಮಿರ ಮಿಂಚಿತು. ತಮ್ಮ ಮುಖವನ್ನೇ ಅದರಲ್ಲಿ ಕಂಡು ಮೇಷ್ಟ್ರು ಮುಗುಳ್ನಕ್ಕರು. ಎಂಜಿನ್ನು ಮರಳಿ ಕೂತಿತು, ಬ್ಲೇಡು ಬಿಗಿಯಾಯಿತು.

ಸಂಕ್ರಾಂತಿಯ ದಿನ ಬೆಳಿಗ್ಗೆ ಇಸಳೂರಿಗೆ ಇಸಳೂರೇ ಮಂಜಿನಲ್ಲಿ ಮುಳುಗಿತ್ತು. ಎದುರಿಗೆ ಗೇಟು ಕಾಣದು. ಮೇಷ್ಟ್ರಿಗೆ ಅದೂ ಒಂದು ಶುಭಶಕುನ. ಇಷ್ಟು ಒದ್ದೆಯಲ್ಲಿ ಗೆದ್ದರೆ ಇನ್ನೆಲ್ಲಿಯೂ ಸೋಲಿಲ್ಲ! ಸ್ವೆಟರು ಹಾಕಿ, ಮಫ್ಲರು ಸುತ್ತಿ, ಮಂಜು ಕೂತ ಕನ್ನಡಕದಲ್ಲೇ ಮೊವರು ಹೊರಡಿಸಿದರು. ಆಹಾ, ಅದೇನು ಓಟ! ಕೆಮ್ಮಿಲ್ಲ, ನರಳಿಲ್ಲ. ಎಂಜಿನ್ನಿನ ದನಿ ತಂಬೂರಿಯ ಹಾಗೆ ಒಂದೇ ಶ್ರುತಿ. ಗೇಟಿನವರೆಗೆ ಹೋಗಿ ಬಂದರು, ಅಡ್ಡ ಹೋದರು, ಉದ್ದ ಹೋದರು. ಒಂದು ಮುದ್ದೆಯೂ ಬೀಳಲಿಲ್ಲ. ಎಂಜಿನ್ನು ನಿಲ್ಲಿಸಿ, ವಾಯರು ಕಿತ್ತು, ಮೊವರನ್ನು ಮಗ್ಗುಲಿಗೆ ಎತ್ತಿದರು.

ಡೆಕ್ಕು ಕನ್ನಡಿ. ಒಂದೇ ಒಂದು ಎಸಳಿಲ್ಲ.

ಮೇಷ್ಟ್ರು ಕೂಗಿದ ಕೂಗಿಗೆ ಗಂಗಕ್ಕ ಎಳ್ಳು ಬೆಲ್ಲದ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. ತೀರ್ಪಿನ ದಿನವಾದ್ದರಿಂದ ಪಾರ್ವತವ್ವನೂ ಬಂದರು. ಮೇಷ್ಟ್ರು ಇಬ್ಬರನ್ನೂ ಡೆಕ್ಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂರಿಸಿ ಉಪನ್ಯಾಸ ಶುರುಮಾಡಿದರು. ಎಣ್ಣೆ ಬಿಸಿಗೆ ಹೇಗೆ ತಗಡಿನ ಮೇಲೆ ಪದರವಾಗಿ ಕೂರುತ್ತದೆ, ಆ ಪದರದ ಮೇಲೆ ನೀರು ಹೇಗೆ ನಿಲ್ಲಲಾರದು, ನೀರು ನಿಲ್ಲದಲ್ಲಿ ಹುಲ್ಲು ಹೇಗೆ ನಿಂತೀತು. ಗಂಗಕ್ಕ ಬೆರಳಿನಿಂದ ಡೆಕ್ಕನ್ನು ಸವರಿ ನೋಡಿದಳು. ಮಡಕೆ ಪಳಗಿಸಿದ ಕೈ ಅದು, ಸುಳ್ಳು ಹೇಳಲಾರದು. ಚೆನ್ನಾಗಿ ಪಳಗಿದೆ ಎಂದು ಒಪ್ಪಿಕೊಂಡಳು. ಮೇಷ್ಟ್ರ ಎದೆ ಸ್ವೆಟರಿನೊಳಗೆ ಹಿಡಿಸದಾಯಿತು. ಅವರು ಪಾರ್ವತವ್ವನ ಕಡೆ ತಿರುಗಿ, ಇನ್ನು ತೀರ್ಪು ಹೇಳಿ ಎಂದರು.

ಅಷ್ಟರಲ್ಲಿ ಬಿಸಿಲು ಬಿದ್ದು ಮಂಜು ಎದ್ದು ಹೋಗುತ್ತಿತ್ತು. ಪಾರ್ವತವ್ವ ಮೊಣಕಾಲು ಹಿಡಿದುಕೊಂಡು ಎದ್ದು, ಆಚೆ ಈಚೆ ನೋಡಿದರು.

"ಅದೆಲ್ಲಾ ಖರೇರಿ ಮಾಸ್ತರ. ಹುಲ್ಲ ಎಲ್ಲೈತಿ?"

ಮೇಷ್ಟ್ರು ದೀಪಾವಳಿಯ ನಂತರ ಮೊದಲ ಸಲ ನೆಲ ನೋಡಿದರು. ಗೇಟಿನಿಂದ ಜಗುಲಿಯವರೆಗೆ ಕೆಂಪು ಮಣ್ಣು. ಅಲ್ಲಲ್ಲಿ ಒಣಗಿದ ಬೇರಿನ ಎಳೆ, ಎಂಜಿನ್ ಆಯಿಲ್ಲಿನ ಕಪ್ಪು ಕಲೆ. ಗೇಟಿನ ಕಂಬದ ಬುಡದಲ್ಲಿ ಬ್ಲೇಡು ಮುಟ್ಟಲಾರದ ಮೂಲೆಯಲ್ಲಿ ಮಾತ್ರ ನಾಲ್ಕೆಸಳು ಹುಲ್ಲು ಬದುಕಿ ಉಳಿದಿದ್ದವು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಾಲ್ಕೇ. ಸಂಜೆಯ ಕುರ್ಚಿ, ಚಾಚಿದ ಕಾಲು, ಕೈಯಲ್ಲಿ ಚಾ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು. ಅವರಿಗೆ ನಿಜವಾಗಿ ಸಂಕಟವಾಯಿತು. ಸ್ವಂತ ಕೈಯಿಂದ, ಸ್ವಂತ ಮೊವರಿನಿಂದ, ದಿನಾ ನೀರು ಹೊಯ್ದು ಹೊಯ್ದು ಬೋಳಿಸಿದ್ದು! ಯಾರನ್ನು ಬಯ್ಯುವುದು?

ಬಯ್ಯಲು ಹೆಂಡತಿ ಇದ್ದಳು. ಹುಲ್ಲು ಹೋಗುತ್ತಿರುವುದು ನಿನಗೆ ಕಾಣುತ್ತಿತ್ತು ತಾನೇ, ಒಂದು ಮಾತು ಹೇಳಬಾರದಿತ್ತೇ ಎಂದು ಮೇಷ್ಟ್ರು ಕೇಳಿದರು. ಗಂಗಕ್ಕ ಎಳ್ಳು ಬೆಲ್ಲದ ತಟ್ಟೆಯನ್ನು ಅವರ ಮುಂದೆ ಹಿಡಿದಳು.

"ನಿಂಗ ದಿನಾ ಬೆಳಗಾದ್ರೆ ಎನ್ನ ಜಾಗ ಹಸನ ಮಾಡಿಕೊಡ್ತಾ ಇದ್ರಿ. ಒಳ್ಳೆ ಕೆಲಸಕ್ಕೆ ಅಡ್ಡ ಬಪ್ಪದು ಎಂತಕ್ಕೆ ಹೇಳಿ ಸುಮ್ನಿದ್ದೆ. ಗೊಬ್ಬರ ತಯಾರಾಯ್ದು, ಬೀಜ ನಿನ್ನೆನೇ ನೆನೆ ಹಾಕಿದ್ದು. ತಗಳಿ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ."

ಮುರುಗಲ ತುಪ್ಪದ ಇಡೀ ಉಂಡೆ ಯಾಕೆ ಸಿಕ್ಕಿತು ಎಂಬುದಕ್ಕೆ ಮೇಷ್ಟ್ರಿಗೆ ಈಗ ಕಾರಣ ಸಿಕ್ಕಿತು. ಈ ಒಂದು ಕಾರಣ ಸಿಗದಿದ್ದರೂ ಆಗುತ್ತಿತ್ತು ಎನಿಸಿತು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಒಳ್ಳೆಯ ಮಾತು ಯಾವುದೂ ಹೊಳೆಯದೆ ಸುಮ್ಮನೆ ಅಗಿದರು. ಅಗಿಯುತ್ತ ಅಗಿಯುತ್ತ ಅವರ ಮುಖ ಇನ್ನೂ ಸಣ್ಣದಾಯಿತು. ಇನ್ನೊಂದು ಸಂಗತಿ ಆಗ ಅವರಿಗೆ ಹೊಳೆದಿತ್ತು. ಹುಲ್ಲೇ ಇಲ್ಲದ ನೆಲದ ಮೇಲೆ ಓಡಿಸಿದರೆ ಡೆಕ್ಕಿಗೆ ಅಂಟುವುದಾದರೂ ಏನು? ಗೆದ್ದದ್ದು ಪಳಗಿಸಿದ ಡೆಕ್ಕೋ, ಬೋಳಾದ ನೆಲವೋ? ಲಾನೂ ಹೋಯಿತು, ಉತ್ತರವೂ ಸಿಗಲಿಲ್ಲ. ಮೇಷ್ಟ್ರಿಗೆ ಲಾನಿಗಿಂತ ಉತ್ತರ ಹೋದದ್ದೇ ಹೆಚ್ಚು ಚುಚ್ಚಿತು.

ಪಾರ್ವತವ್ವನಿಗೆ ಅವರ ಮುಖ ನೋಡಿ ಅಯ್ಯೋ ಅನಿಸಿರಬೇಕು. ತಟ್ಟೆಯಿಂದ ಒಂದು ಚಿಟಿಕೆ ಎಳ್ಳು ಬೆಲ್ಲ ತೆಗೆದುಕೊಂಡು ಮೆತ್ತಗೆ ಹೇಳಿದರು.

"ಇರ್ಲಿ ಬಿಡ್ರಿ ಮಾಸ್ತರ. ನಮ್ಮ ಹಿತ್ತಲದಾಗ ನಾನೂ ಮೆಣಸಿನ ಗಿಡ ಹಚ್ಚಬೇಕಂತ ಮಾಡೀನಿ. ಹುಲ್ಲ ಭಾಳ ಐತಿ. ಅಲ್ಲೂ ಒಂದೀಟು ಪರೀಕ್ಷಾ ಮಾಡಿ ಕೊಡ್ರಲ್ಲ."

ಗಂಗಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ವೆಂಕಟ್ರಮಣ ಮೇಷ್ಟ್ರು ತಲೆ ತಗ್ಗಿಸಿ, ಮೊವರಿನ ಹಿಡಿಕೆಯನ್ನು ಸವರಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ಅಲ್ಲಿ ಹುಲ್ಲು ಒದ್ದೆ ಇದೆಯಾ, ಪಾರ್ವತವ್ವ?"